ಮೇಕೆ ತಿಂದ ಪಾಯಸ

ಒಂದು ಡಬ್ಬಿ ಪಾಯಸದ ವಿಷಯಕ್ಕೆ ಎರಡು ಮನೆಗಳ ನಡುವೆ ಮಾತು ನಿಂತುಹೋಗುವುದು ನಮ್ಮ ದ್ವೀಪದ ಬನಿ ಊರಿನ ಕಡೆ ಹೊಸದೇನಲ್ಲ. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು, ಅಂದರೆ ತಪಸ್ಸುಕಾಲ, ಬಂತೆಂದರೆ ಪ್ರತಿ ಮನೆಯಲ್ಲೂ ಕೆಂಪುಕಾಳು ಬೇಯುತ್ತದೆ. ಬೆಂದ ಕಾಳನ್ನು ಅರೆದು ಸೋಸಿ, ತೆಂಗಿನ ಹಾಲು, ಸಕ್ಕರೆ, ಗೆಣಸು, ಒಣದ್ರಾಕ್ಷಿ, ಚಕ್ಕೆ, ಲವಂಗ ಹಾಕಿ, ತಳ ಹಿಡಿಯದಂತೆ ಮಧ್ಯಾಹ್ನವೆಲ್ಲ ಕೈಯಾಡಿಸಬೇಕು. ಮೇಲೆ ಪುಟಾಣಿ ಹಾಲು ಬಿಸ್ಕತ್ತು ತೇಲಿಬಿಡಬೇಕು. ಮಾಡಿದವರು ತಾವೇ ಕುಡಿದು ಮುಗಿಸುವಂತಿಲ್ಲ, ಓಣಿಗೆಲ್ಲ ಹಂಚಬೇಕು. ಯಾರ ಮನೆಗೆ ಹೋಯಿತು, ಯಾರ ಮನೆಗೆ ಹೋಗಲಿಲ್ಲ ಎಂಬುದನ್ನು ಮುಂದಿನ ವರ್ಷದವರೆಗೂ ನೆನಪಿಟ್ಟುಕೊಳ್ಳುವ ಜನ ನಾವು.

ನೆರೇಯ್ದಾ ಶಾಲೆಯ ಗೇಟಿನೆದುರು ಮೇಜು ಹಾಕಿಕೊಂಡು, ಕೋಳಿಮಾಂಸ ತುಂಬಿದ ಬಿಸಿ ಬಿಸಿ ಕಡುಬು ಕರಿದು ಮಾರುವವಳು. ಅವಳ ಮೊದಲ ಗಿರಾಕಿ ಯಾವತ್ತೂ ಫಿಯೋರ್ದಾಲಿಸಾ. ಓಣಿಯವರ ಬಾಯಲ್ಲಿ ಫಿಯೋರ್. ಎದುರು ಸಾಲಿನ ಮನೆ. ಬಾಯಿ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು. ನೆರೇಯ್ದಾಳ ಮಗಳು ಯುದೆಲ್ಕಾಳನ್ನು ಜ್ಞಾನಸ್ನಾನದ ದಿನ ಚರ್ಚಿನಲ್ಲಿ ಎತ್ತಿ ಹಿಡಿದವಳು ಅವಳೇ. ಹಾಗಾಗಿ ಮಗುವಿಗೆ ಅವಳು ಮದ್ರಿನಾ, ಹೆತ್ತವಳ ನಂತರದ ತಾಯಿ. ದೊಡ್ಡವರಿಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ, ಮಗುವಿನ ಅಪ್ಪ ಅವಳಿಗೆ ಕೊಂಪಾದ್ರೆ. ಒಡಹುಟ್ಟಿದವರಿಗಿಂತ ಗಟ್ಟಿ ನಂಟು ಅದು.

ಆ ದಿನ ಬೆಳಿಗ್ಗೆ ಫಿಯೋರ್ ಮೇಜಿನ ಮುಂದೆಯೇ ಹಾದುಹೋದಳು. ನಿಲ್ಲಲಿಲ್ಲ.

“ಕೊಮಾದ್ರೇ! ಏನೇ, ಹಸಿವಿಲ್ವಾ ಇವತ್ತು?” ಎಂದು ನೆರೇಯ್ದಾ ಕೂಗಿದಳು.

“ಹಸಿವಿದೆ. ಕೊಡೋ ಮನಸ್ಸಿರೋರ ಕೈಲಿ ತಿನ್ನೋಣ ಅಂತ.”

“ಹಂಗಂದ್ರೆ?”

“ಹಂಗಂದ್ರೇನಿಲ್ಲಮ್ಮ. ಮೊನ್ನೆ ಮೊನ್ನೆ ಬಾಡಿಗೆಗೆ ಬಂದೋರ ಮನೆಗೂ ನಿನ್ನ ಪಾಯಸ ಹೋಯ್ತಂತೆ. ಮೂಲೆ ಅಂಗಡಿಯವನು ಎರಡು ಸಲ ಹಾಕಿಸ್ಕೊಂಡ್ನಂತೆ. ನಿನ್ನ ಮಗಳನ್ನ ಎತ್ತಿ ಹಿಡಿದ ಈ ಕೈಗೆ ಮಾತ್ರ ಒಂದು ಚಮಚಾನೂ ಇಲ್ಲ.”

ನೆರೇಯ್ದಾಳ ಕೈಯ ಜಾಲರಿ ಎಣ್ಣೆಯ ಮೇಲೆ ಹಾಗೆಯೇ ನಿಂತಿತು. “ಕಳಿಸಿದ್ನಲ್ಲೇ! ಯುದೆಲ್ಕಾ ಕೈಲಿ, ದೊಡ್ಡ ಐಸ್‌ಕ್ರೀಂ ಡಬ್ಬಿ ತುಂಬ, ನಿನಗೆ ಇಷ್ಟ ಅಂತ ಬಿಸ್ಕತ್ತು ಜಾಸ್ತಿ ಹಾಕಿ ಕಳಿಸಿದೀನಿ!”

“ಅವತ್ತು ಸಂಜೆ ಪೂರ್ತಿ ಜಗಲೀಲೇ ಕೂತಿದ್ದೆ ನಾನು. ನಿನ್ನ ಮಗಳ ನೆರಳೂ ಕಾಣಲಿಲ್ಲ. ಕೊಡಕ್ಕೆ ಇಷ್ಟ ಇಲ್ದಿದ್ರೆ ಬಿಡು, ಸುಳ್ಳು ಯಾಕೆ?” ಎಂದು ಫಿಯೋರ್ ಹೊರಟೇಹೋದಳು.

ಬೇರೆ ಮನೆಗಳಿಗೆಲ್ಲ ನೆರೇಯ್ದಾ ತಾನೇ ಹೋಗಿ ಕೊಟ್ಟು ಬಂದಿದ್ದಳು. ಮದ್ರಿನಾಳ ಮನೆಗೆ ಮಾತ್ರ ಮಗುವೇ ಒಯ್ಯಬೇಕು. ಅದು ಮೊದಲಿನಿಂದ ಬಂದ ಪದ್ಧತಿ. ಮಗು ಡಬ್ಬಿ ಕೊಟ್ಟು ಆಶೀರ್ವಾದ ಕೇಳಬೇಕು, ಮದ್ರಿನಾ ಹರಸಿ ಕಳಿಸಬೇಕು. ಮನೆಗೆ ಬಂದವಳೇ ನೆರೇಯ್ದಾ ಹುಡುಕಿದಳು. ನೀರಿನ ತೊಟ್ಟಿಯ ಹಿಂದೆ ಡಬ್ಬಿ ಸಿಕ್ಕಿತು. ಚೆನ್ನಾಗಿ ತೊಳೆದು, ಒಣಗಲೆಂದು ಬೋರಲು ಹಾಕಿತ್ತು.

“ಪಾಯಸ ಮದ್ರಿನಾಗೆ ಕೊಟ್ಯೇನೇ?”

ಯುದೆಲ್ಕಾ ತಲೆಯಾಡಿಸಿದಳು.

“ಅವಳ ಕೈಗೇ ಕೊಟ್ಯಾ?”

ಹುಡುಗಿ ತೊಟ್ಟಿಯ ಕಡೆ ತಿರುಗಿದಳು.

“ಎಲ್ಲಿ ಕೊಟ್ಟೆ?”

“ಹಿತ್ತಲಲ್ಲಿ.”

“ಹಿತ್ತಲಲ್ಲಿ ಯಾರಿಗೆ?”

“ಕಾನೇಲಾಗೆ,” ಎಂದು ಹುಡುಗಿ ಬಿಕ್ಕಿದಳು.

ಕಾನೇಲಾ ಎಂದರೆ ಫಿಯೋರ್‌ಳ ಮೇಕೆ.

ನೆರೇಯ್ದಾಗೆ ನಗಬೇಕೋ ಹೊಡೆಯಬೇಕೋ ತಿಳಿಯಲಿಲ್ಲ. ಬೆಳಗಿನ ಜಾವದಿಂದ ನಿಂತೇ ಇದ್ದ ಕಾಲು, ಮೈಯೆಲ್ಲ ಎಣ್ಣೆ ವಾಸನೆ, ಮೇಲೆ ಕೊಮಾದ್ರೆಯ ಚುಚ್ಚುಮಾತು. “ಯಾಕೆ? ಅಷ್ಟು ಕಷ್ಟಪಟ್ಟು ಮಾಡಿದ್ದನ್ನ ಮೇಕೆಗೆ ಯಾಕೆ ಹಾಕ್ದೆ?” ಎಂದು ಕಿರುಚಿದಳು.

“ಜಗಲೀಲಿ ತುಂಬಾ ಜನ ಇದ್ರು, ಅಮ್ಮ.”

ಅಷ್ಟೇ ಹೇಳಿದ್ದು. ಅಷ್ಟು ಸಾಕಿತ್ತು, ಕೇಳಿಸಿಕೊಳ್ಳುವ ಕಿವಿ ಇದ್ದಿದ್ದರೆ.

ಮಕ್ಕಳು ಒಂದು ಮನೆಗೆ ಹೋದರೆ ಅಲ್ಲಿರುವ ಹಿರಿಯರಲ್ಲಿ ಒಬ್ಬೊಬ್ಬರನ್ನೂ ಕರೆದು ಆಶೀರ್ವಾದ ಕೇಳಬೇಕು. ‘ಆಶೀರ್ವಾದ, ತಾತ.’ ‘ಆಶೀರ್ವಾದ, ಚಿಕ್ಕಮ್ಮ.’ ಅವರು ‘ದೇವರು ಹರಸಲಿ, ಮಗಾ’ ಎನ್ನುತ್ತಾರೆ. ಕೇಳದ ಮಗು ಸಂಸ್ಕಾರವಿಲ್ಲದ ಮಗು, ಆ ಅವಮಾನ ಹೆತ್ತವಳಿಗೆ. ಯುದೆಲ್ಕಾ ಮನೆಯೊಳಗಿದ್ದರೆ ಮಾತಿನ ಮಲ್ಲಿ. ಬಾಳೆಕಾಯಿ ಗಾಡಿಯವನು ಮೈಕಿನಲ್ಲಿ ಕೂಗುವುದನ್ನು ಥೇಟ್ ಅವನಂತೆಯೇ ಕೂಗಿ ಅಪ್ಪನನ್ನು ನಗಿಸುತ್ತಾಳೆ. ಹೊಸಿಲು ದಾಟಿದರೆ ಮುಗಿಯಿತು. ಜನ ಕಂಡೊಡನೆ ಅಮ್ಮನ ಲಂಗದ ಹಿಂದೆ. ಶಾಲೆಯಲ್ಲಿ ಟೀಚರ್ ಹೆಸರು ಕರೆದರೆ ಕೈ ಮಾತ್ರ ಮೇಲೆ ಹೋಗುತ್ತದೆ, ದನಿ ಹೊರಡುವುದಿಲ್ಲ. ಎಲ್ಲರೆದುರು ತಿನ್ನಬೇಕಲ್ಲ ಎಂದು ಊಟದ ಡಬ್ಬಿ ಹಾಗೆಯೇ ವಾಪಸ್ಸು ಬರುತ್ತದೆ. ‘ನಾಚಿಕೆ ಸ್ವಭಾವ, ದೊಡ್ಡವಳಾದ್ರೆ ಸರಿಹೋಗ್ತಾಳೆ’ ಎಂದು ನೆರೇಯ್ದಾ ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದಳು.

ಈ ಸಲ ತಾನೇ ಸರಿಮಾಡುತ್ತೇನೆ ಎಂದು ಹೊರಟಳು.

ಶುಭ ಶುಕ್ರವಾರದ ಸಂಜೆ. ಫಿಯೋರ್‌ಳ ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳೆಲ್ಲ ತುಂಬಿದ್ದವು. ರಾಜಧಾನಿಯಿಂದ ನೆಂಟರು ಬಂದಿದ್ದರು. ನೆರೇಯ್ದಾ ಮಗಳ ರಟ್ಟೆ ಹಿಡಿದು ನಡುವೆ ನಿಲ್ಲಿಸಿ, ಪಾಯಸ ಮೇಕೆಯ ಪಾಲಾದದ್ದನ್ನು ಹೇಳಿದಳು. “ಎಲ್ಲರ ಹತ್ರ ಆಶೀರ್ವಾದ ಕೇಳು. ಆಮೇಲೆ ಮದ್ರಿನಾಗೆ ತಪ್ಪಾಯ್ತು ಅನ್ನು. ಅಲ್ಲೀವರೆಗೂ ಮನೆಗೆ ಹೋಗೋ ಹಂಗಿಲ್ಲ.”

ಎಲ್ಲರ ಕಣ್ಣೂ ಮಗುವಿನ ಮೇಲೆ. ಯುದೆಲ್ಕಾಳ ತುಟಿ ಅಲುಗುತ್ತಿತ್ತು, ದನಿ ಇಲ್ಲ. ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು.

“ಏನಮ್ಮಾ, ನಿಮ್ಮಮ್ಮ ಕಡುಬು ಬಾಯಲ್ಲಿಟ್ಟೇ ಕಳಿಸಿದ್ಲಾ?” ಎಂದು ನೆಂಟರಲ್ಲೊಬ್ಬ ತಮಾಷೆ ಮಾಡಿದ. ನಗು ಎದ್ದಿತು. ಫಿಯೋರ್ ಕೂಡ ಸೊಂಟದ ಮೇಲೆ ಕೈಯಿಟ್ಟು, “ನನ್ನ ಮೇಕೆ ಹತ್ರ ಹೋಗಕ್ಕೆ ಧೈರ್ಯ ಇದೆ, ನನ್ನ ಹತ್ರ ಇಲ್ವಾ? ನನಗೇನು ಕೊಂಬಿದ್ಯಾ?” ಎಂದಳು. ನಗು ಇನ್ನೂ ಜೋರಾಯಿತು.

ಹುಡುಗಿ ಅಲ್ಲೇ ವಾಂತಿ ಮಾಡಿಕೊಂಡಳು. ಆಮೇಲೆ ಓಡಿದಳು. ಚಪ್ಪಲಿ ಅಲ್ಲೇ ಉಳಿಯಿತು.

ಈಸ್ಟರ್ ರಜೆ ಮುಗಿದು ಶಾಲೆ ತೆರೆಯಿತು. ಯುದೆಲ್ಕಾ ಹೋಗಲಿಲ್ಲ. ಬೆಳಿಗ್ಗೆಯಾದರೆ ಹೊಟ್ಟೆನೋವು, ಮಧ್ಯಾಹ್ನವಾದರೆ ವಾಸಿ, ಮಾರನೆಯ ಬೆಳಿಗ್ಗೆ ಮತ್ತೆ ಹೊಟ್ಟೆನೋವು. ಯೂನಿಫಾರಂ ಕಂಡರೆ ಅಳು. ಒಂದು ವಾರ ಹೋಯಿತು, ಎರಡನೆಯದೂ ಹೋಗತೊಡಗಿತು. ಮಗಳು ಇನ್ನು ಶಾಲೆಯ ಮೆಟ್ಟಿಲು ಹತ್ತುವುದೇ ಇಲ್ಲವೇನೋ ಎಂಬ ಭಯ ನೆರೇಯ್ದಾಳ ಎದೆಯಲ್ಲಿ ಕೂತಿತು. ತಾನು ಓದಿದ್ದು ಅರ್ಧಕ್ಕೇ ನಿಂತಿತ್ತು. ಮಗಳದ್ದೂ ಹಾಗಾದರೆ?

ಮಗು ವಾಂತಿ ಮಾಡಿದ್ದು ಕಂಡ ಮೇಲೆ ಫಿಯೋರ್‌ಳ ಕೋಪ ಇಳಿದಿತ್ತು. ಪುದೀನ ಕಷಾಯ ಮಾಡಿಕೊಂಡು, ದೃಷ್ಟಿಗೆಂದು ಕರಿಮಣಿ ಕಟ್ಟಿದ ದಾರ ಹಿಡಿದುಕೊಂಡು ಬಂದಳು.

“ಯಾರದೋ ಕಣ್ಣು ಬಿದ್ದಿದೆ, ಕೊಮಾದ್ರೆ. ಇದನ್ನ ಕಟ್ಟು. ಇದಕ್ಕೂ ಬಗ್ಗದಿದ್ರೆ ಚಪ್ಪಲಿ ತಗೋ. ನಮ್ಮಮ್ಮನ ಚಪ್ಪಲಿ ನಮ್ಮನ್ನೆಲ್ಲ ಶಾಲೆ ತನಕ ಅಟ್ಟಿಸ್ಕೊಂಡು ಬರ್ತಿತ್ತು. ನಾವೇನು ಸತ್ವಾ?”

“ಬಿಡಿ ಅವಳನ್ನ!”

ಹೇಳಿದ್ದು ರಾದಾಮೆಸ್, ನೆರೇಯ್ದಾಳ ಗಂಡ. ಹೆಂಗಸರಿಬ್ಬರೂ ಬೆಚ್ಚಿ ನೋಡಿದರು. ಅವನು ಎತ್ತರದ ದನಿಯಲ್ಲಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಮನೆ ಹಿಂದಿನ ಮಾವಿನ ಮರದಡಿ ಮೋಟಾರ್‌ಸೈಕಲ್ ರಿಪೇರಿ ಮಾಡುವವನು. ಕೈ ಚಿನ್ನದಂಥದು. ಆದರೆ ಗಿರಾಕಿಯ ಜೊತೆ ದರ ಮಾತಾಡಲು ನೆರೇಯ್ದಾ ಬರಬೇಕು, ಫೋನು ಬಂದರೆ ಅವಳೇ ಎತ್ತಬೇಕು. ಸಂಜೆ ಗಂಡಸರೆಲ್ಲ ಮೂಲೆ ಅಂಗಡಿಯ ಮುಂದೆ ಡಾಮಿನೋ ಆಡಲು ಕೂತರೆ ಬಿಡಿಭಾಗ ತರಲು ಹೋದ ಇವನು ಇನ್ನೊಂದು ದಾರಿಯಲ್ಲಿ ಮನೆಗೆ ಬರುತ್ತಾನೆ. ‘ದೊಡ್ಡ ಮನುಷ್ಯ, ನಮ್ಮ ಜೊತೆ ಕೂರ್ತಾನಾ?’ ಎಂದು ಜನ ಆಡಿಕೊಳ್ಳುತ್ತಿದ್ದರು. ಹೇಳಿದ್ದೇ ತಡ, ಅವನು ಮತ್ತೆ ಮಾವಿನ ಮರದಡಿಗೆ ಹೋಗಿ ಸ್ಪ್ಯಾನರ್ ಹಿಡಿದ.

ಎರಡು ದಿನ ಬಿಟ್ಟು ಶಾಲೆಯ ಗೇಟಿನ ಬಳಿ ನೆರೇಯ್ದಾಳ ಮೇಜಿಗೆ ಇವೆಲಿಸ್ ಟೀಚರ್ ಬಂದರು. ಪಾಠ ಹೇಳುವವರಲ್ಲ, ಮಕ್ಕಳ ಕಷ್ಟ ಕೇಳಲೆಂದೇ ಶಾಲೆಯಲ್ಲಿರುವವರು. ಒಂದು ಕಡುಬು ಕೊಂಡು, ನಿಧಾನವಾಗಿ ತಿನ್ನುತ್ತ ನಿಂತರು.

“ಯುದೆಲ್ಕಾ ಬರ್ತಾ ಇಲ್ಲ, ನೆರೇಯ್ದಾ.”

“ಹೊಟ್ಟೆನೋವು, ಟೀಚರ್. ಅಂದ್ರೆ ನೋವೇನಿಲ್ಲ, ನಾಟಕ.”

“ನಾಟಕ ಅಲ್ಲ. ನೋವು ನಿಜವಾದ್ದೇ. ಹೊಟ್ಟೇಲಿ ಹುಟ್ಟಿದ್ದಲ್ಲ, ಅಷ್ಟೇ. ಡಾಕ್ಟರಿಗೆ ಒಂದ್ಸಲ ತೋರಿಸಿ, ತಪ್ಪಿಲ್ಲ. ನಾನು ಸಂಜೆ ಮನೆಗೆ ಬರ್ಲಾ?”

ಬಂದರು. ನೆರೇಯ್ದಾ ಕಾಫಿ ಕೊಟ್ಟಳು. ಕಾಫಿಯ ಪರಿಮಳ ಹಿಡಿದು ಫಿಯೋರ್ ಕೂಡ ಬಂದು ಕೂತಳು. ಯುದೆಲ್ಕಾ ಬಾಗಿಲ ಹಿಂದೆ. ರಾದಾಮೆಸ್ ಮರದಡಿ ಬೆನ್ನು ತಿರುಗಿಸಿಕೊಂಡು ಒಂದೇ ನಟ್ಟನ್ನು ಬಿಚ್ಚುವುದು, ಹಾಕುವುದು ಮಾಡುತ್ತಿದ್ದ. ಮೇಕೆಯ ಕಥೆಯಿಂದ ಹಿಡಿದು ಜಗಲಿಯ ಕಥೆಯವರೆಗೆ ನೆರೇಯ್ದಾ ಎಲ್ಲವನ್ನೂ ಹೇಳಿದಳು.

“ನಾಚಿಕೆ ಎಲ್ಲ ಮಕ್ಕಳಿಗೂ ಇರುತ್ತೆ,” ಎಂದರು ಇವೆಲಿಸ್. “ನಾಚಿಕೆಯವರು ಸ್ವಲ್ಪ ಹೊತ್ತು ಹಿಂದೆ ನಿಂತು ಆಮೇಲೆ ಆಟಕ್ಕೆ ಸೇರ್ತಾರೆ. ಇದು ಅದನ್ನ ದಾಟಿದ್ದು. ಇದಕ್ಕೆ ಸಾಮಾಜಿಕ ಆತಂಕ ಅಂತಾರೆ. ಎಲ್ಲರೂ ನನ್ನನ್ನೇ ನೋಡ್ತಾರೆ, ನಾನು ತಪ್ಪು ಮಾಡ್ತೀನಿ, ನಗ್ತಾರೆ ಅನ್ನೋ ಭಯ. ಎದೆ ಹೊಡ್ಕೊಳ್ಳುತ್ತೆ, ಕೈ ನಡುಗುತ್ತೆ, ಬೆವರುತ್ತೆ, ಹೊಟ್ಟೆ ತೊಳಸುತ್ತೆ, ಗಂಟಲು ಕಟ್ಟುತ್ತೆ. ಕೆಲವು ಮಕ್ಕಳು ಅಳ್ತಾರೆ, ಹಟ ಮಾಡ್ತಾರೆ, ಕೆಲವರು ಕಲ್ಲಿನ ಹಾಗೆ ನಿಂತುಬಿಡ್ತಾರೆ. ಅರ್ಧ ವರ್ಷ ದಾಟಿದ್ರೂ ಹೀಗೇ ಇದ್ದು, ಊಟ, ಪಾಠ, ಸ್ನೇಹ ಎಲ್ಲಕ್ಕೂ ಅಡ್ಡ ಬಂದ್ರೆ ಸಹಾಯ ತಗೋಬೇಕು.”

ಫಿಯೋರ್ ಮೂಗು ಮುರಿದಳು. “ನಮ್ಮ ಕಾಲದಲ್ಲಿ ಇಂಥ ಕಾಯಿಲೇನೇ ಇರ್ಲಿಲ್ಲಮ್ಮ. ಎಲ್ಲ ಹೊಸ ಹೊಸ ಹೆಸರು. ನನಗೂ ಆತಂಕ ಇದೆ, ಕರೆಂಟು ಬಿಲ್ಲು ಬಂದಾಗ.”

“ಇತ್ತು, ಫಿಯೋರ್. ಬೇರೆ ಹೆಸರಲ್ಲಿ ಕರೀತಿದ್ವಿ. ಜಂಬ ಅಂತಿದ್ವಿ. ಸಂಸ್ಕಾರ ಇಲ್ಲ ಅಂತಿದ್ವಿ.”

“ನಾನೇ ಏನೋ ತಪ್ಪು ಮಾಡಿದೀನಿ ಅನ್ಸುತ್ತೆ,” ಎಂದಳು ನೆರೇಯ್ದಾ. “ಬೆಳಿಗ್ಗೆಯಿಂದ ಎಣ್ಣೆ ಮುಂದೆ ನಿಂತಿರ್ತೀನಿ. ಅವಳ ಜೊತೆ ಕೂತು ಮಾತಾಡಕ್ಕೆ ಪುರುಸೊತ್ತಿಲ್ಲ.”

“ಇದು ಯಾರ ತಪ್ಪೂ ಅಲ್ಲ. ನಿಮ್ಮದೂ ಅಲ್ಲ, ಅವಳದೂ ಅಲ್ಲ. ಒಂದೊಂದ್ಸಲ ಮನೆತನದಲ್ಲೇ ಬರುತ್ತೆ. ಯಾರಾದ್ರೂ ಜೋರಾಗಿ ನಕ್ಕಿದ್ದು, ಅವಮಾನ ಮಾಡಿದ್ದು ಸೇರ್ಕೊಂಡು ಬೆಳೆಯುತ್ತೆ.” ಟೀಚರ್ ಸುತ್ತ ನೋಡಿದರು. ಮರದಡಿ ಸಾಲಾಗಿ ನಿಂತಿದ್ದ ಮೋಟಾರ್‌ಸೈಕಲ್‌ಗಳ ಮೇಲೆ ಕಣ್ಣು ಹೋಯಿತು. “ಕೆಲವು ಗಾಡಿಗೆ ಕಳ್ಳರಿಗೇ ಅಂತ ಅಲಾರಂ ಹಾಕಿಸಿರ್ತಾರಲ್ಲ, ಮೇಲೆ ಎಲೆ ಬಿದ್ರೂ ಓಣಿ ಎಲ್ಲ ಎದ್ದು ಕೂರೋ ಹಂಗೆ ಕೂಗುತ್ತಲ್ಲ? ಇವಳೊಳಗೂ ಹಂಗೇ. ಅಪಾಯ ಇಲ್ಲ, ಆದ್ರೂ ಕೂಗುತ್ತೆ.”

ಸ್ಪ್ಯಾನರ್ ಸದ್ದು ನಿಂತಿತು.

“ಅಲಾರಂ ಕಿತ್ತು ಹಾಕಬಾರದು,” ಎಂದ ರಾದಾಮೆಸ್, ಬೆನ್ನು ತಿರುಗಿಸದೆ. “ಒಳಗೆ ಒಂದು ತಿರುಪು ಇರುತ್ತೆ. ಸ್ವಲ್ಪ ಸ್ವಲ್ಪ ತಿರುಗಿಸ್ತಾ ಹೋಗ್ಬೇಕು. ಒಂದೇ ಸಲ ತಿರುಗಿಸಿದ್ರೆ ಮುರಿಯುತ್ತೆ.”

“ಅದೇ ಚಿಕಿತ್ಸೆ,” ಎಂದರು ಇವೆಲಿಸ್, ಅಷ್ಟೇ ಮೆತ್ತಗೆ. ಅವನ ಹತ್ತಿರ ಹೋಗಲಿಲ್ಲ, ಅವನ ಕಡೆ ನೋಡಲೂ ಇಲ್ಲ. ಕಾಫಿ ಲೋಟ ನೋಡುತ್ತ ಕಾದರು.

ಬಹಳ ಹೊತ್ತಿನ ಮೇಲೆ ಅವನೇ ಮಾತಾಡಿದ. “ನಮ್ಮಪ್ಪ ಸತ್ತಾಗ ಮನೇಲಿ ಒಂಬತ್ತು ರಾತ್ರಿ ಪ್ರಾರ್ಥನೆ, ಅಷ್ಟೂ ರಾತ್ರಿ ನಾನು ಹಿಂದಿನ ಅಡುಗೆಮನೇಲಿ ಕಾಫಿ ಕಪ್ಪು ತೊಳೀತಿದ್ದೆ. ಒಳಗೆ ಜನ. ಎಲ್ಲರೂ ಬಂದು ಕೈ ಹಿಡಿದು ಸಂತಾಪ ಹೇಳ್ತಾರೆ, ನಾನು ಏನಾದ್ರೂ ಹೇಳ್ಬೇಕು. ಅಪ್ಪನ ಫೋಟೋ ಮುಂದೆ ಒಂದ್ಸಲಾನೂ ಕೂರಕ್ಕೆ ಆಗ್ಲಿಲ್ಲ. ನಮ್ಮ ಮದುವೆ ದಿನ ಚರ್ಚಿನ ಹಿಂದೆ ನಿಂತು ರಮ್ ಕುಡಿದು ಒಳಗೆ ಬಂದೆ, ನೆರೇಯ್ದಾ. ಇಲ್ದಿದ್ರೆ ಓಡಿಹೋಗ್ತಿದ್ದೆ.”

ನೆರೇಯ್ದಾ ಅವನನ್ನೇ ನೋಡಿದಳು. ಇಷ್ಟು ವರ್ಷ ಒಂದೇ ಮಂಚದಲ್ಲಿ ಮಲಗಿದ ಮನುಷ್ಯ. ಆ ವಾಸನೆ ಅವಳಿಗೆ ಅವತ್ತೇ ಬಂದಿತ್ತು, ಗೆಳೆಯರ ಜೊತೆ ಕುಡಿದಿರಬೇಕೆಂದು ಮುನಿಸಿಕೊಂಡಿದ್ದಳು. ಅವನಿಗೆ ಗೆಳೆಯರೇ ಇರಲಿಲ್ಲ ಎಂಬುದು ಈಗ ಹೊಳೆಯಿತು.

“ದೊಡ್ಡವರಲ್ಲಿ ತುಂಬಾ ಜನ ಹೀಗೇ,” ಎಂದರು ಟೀಚರ್. “ಕೆಲಸ ಬಿಟ್ಟುಬಿಡ್ತಾರೆ, ಫೋನ್ ಎತ್ತಲ್ಲ, ಮದುವೆ ಸಮಾರಂಭ ತಪ್ಪಿಸ್ಕೊಳ್ತಾರೆ. ಧೈರ್ಯಕ್ಕೆ ಅಂತ ಕುಡಿಯೋದು ಆಮೇಲೆ ಅದೇ ಇನ್ನೊಂದು ರೋಗ ಆಗುತ್ತೆ. ತಪ್ಪಿಸ್ಕೊಂಡಷ್ಟೂ ಭಯ ಬೆಳೆಯುತ್ತೆ. ಬಲವಂತ ಮಾಡಿ ಜನರ ಮಧ್ಯೆ ತಳ್ಳಿದ್ರೂ ಬೆಳೆಯುತ್ತೆ. ನಡುವೆ ಒಂದು ದಾರಿ ಇದೆ, ಸಣ್ಣ ಸಣ್ಣ ಹೆಜ್ಜೆ. ಆರೋಗ್ಯ ಕೇಂದ್ರಕ್ಕೆ ಮನಃಶಾಸ್ತ್ರಜ್ಞೆ ಬರ್ತಾರೆ. ಮಾತಿನ ಚಿಕಿತ್ಸೆ ಕೊಡ್ತಾರೆ. ಕೆಲವರಿಗೆ ಔಷಧೀನೂ ಬೇಕಾಗಬಹುದು, ಅದನ್ನ ಡಾಕ್ಟರೇ ನಿರ್ಧಾರ ಮಾಡ್ತಾರೆ. ಅಪ್ಪ ಮಗಳು ಇಬ್ಬರೂ ಹೋಗಬಹುದು.”

ಬಾಗಿಲ ಹಿಂದಿನಿಂದ ಯುದೆಲ್ಕಾ ಹೊರಗೆ ಬಂದಳು. ಟೀಚರನ್ನು ದಾಟಿ, ಮದ್ರಿನಾಳನ್ನು ದಾಟಿ, ಮರದಡಿಗೆ ಹೋಗಿ ಅಪ್ಪನ ಪಕ್ಕ ಕೂತಳು. “ಅಪ್ಪಾ, ನಿನಗೂ ಹೊಟ್ಟೆ ನೋಯುತ್ತಾ?” ಎಂದು ಕೇಳಿದಳು.

“ನೋಯುತ್ತೆ, ಮಗಳೇ.”

ಫಿಯೋರ್ ಎದ್ದು ಏನೂ ಹೇಳದೆ ಮನೆಗೆ ಹೋದಳು. ಅವಳು ಹೀಗೆ ಹೋದದ್ದು ಅದೇ ಮೊದಲು. ಆ ಪ್ರಾರ್ಥನೆಯ ರಾತ್ರಿಗಳಲ್ಲಿ ಅಡುಗೆಮನೆಯತ್ತ ಕೈ ತೋರಿಸಿ, ‘ಅಪ್ಪ ಸತ್ರೂ ಕಣ್ಣಲ್ಲಿ ನೀರಿಲ್ಲ ನೋಡಿ ಇವನಿಗೆ’ ಎಂದು ಓಣಿಗೆಲ್ಲ ಹೇಳಿದ್ದವಳು ಅವಳೇ.

ಆಮೇಲಿನದು ಒಂದೇ ದಿನದಲ್ಲಿ ಆದದ್ದಲ್ಲ. ಮೊದಲು ಯುದೆಲ್ಕಾ ಶಾಲೆಗೆ ಹೋಗಲಿಲ್ಲ, ಕಡುಬಿನ ಬುಟ್ಟಿ ಹಿಡಿದು ಅಮ್ಮನ ಜೊತೆ ಗೇಟಿನವರೆಗೆ ಬಂದಳು, ಮಕ್ಕಳು ಬರುವ ಮೊದಲೇ ವಾಪಸ್ಸು ಹೋದಳು. ಆಮೇಲೆ ಮಕ್ಕಳು ಬರುವಾಗಲೂ ಮೇಜಿನ ಹಿಂದೆ ನಿಂತಳು. ಆಮೇಲೆ ಇವೆಲಿಸ್ ಟೀಚರ ಕೋಣೆಯಲ್ಲಿ ಕೂತು ಬಣ್ಣ ಹಚ್ಚಿದಳು. ಕ್ಲಾಸ್ ಟೀಚರ್ ಅವಳನ್ನು ಬೋರ್ಡಿನ ಮುಂದೆ ಕರೆಯದೆ, ಬೆಂಚಿನ ಬಳಿಗೆ ಬಂದು ಕಿವಿಯಲ್ಲಿ ಉತ್ತರ ಕೇಳಿಸಿಕೊಂಡರು. ಪಕ್ಕದ ಬೆಂಚಿನ ಒಬ್ಬಳೇ ಹುಡುಗಿಯ ಜೊತೆ ಊಟ ಶುರುವಾಯಿತು. ಮಳೆಗಾಲದ ರಜೆ ಮುಗಿದ ಮೇಲೆ ಎಲ್ಲ ಕುಸಿದುಬಿತ್ತು. ಮತ್ತೆ ಹೊಟ್ಟೆನೋವು, ಮತ್ತೆ ಅಳು. ನೆರೇಯ್ದಾ ತಾಳ್ಮೆಗೆಟ್ಟು ಮಗಳ ಮೇಲೆ ರೇಗಿದಳು, ಆಮೇಲೆ ಅಡುಗೆಮನೆಯಲ್ಲಿ ಕೂತು ಅತ್ತಳು. “ಹೀಗೆ ಆಗೇ ಆಗುತ್ತೆ. ಒಂದು ಮೆಟ್ಟಿಲು ಕೆಳಗೆ ಇಳಿದು ಮತ್ತೆ ಹತ್ತಿಸಿ,” ಎಂದರು ಮನಃಶಾಸ್ತ್ರಜ್ಞೆ. ಹತ್ತಿದರು.

ರಾದಾಮೆಸ್ ಕೂಡ ಹೋದ. ಮೊದಲ ಸಲ ಆರೋಗ್ಯ ಕೇಂದ್ರದ ಹೊರಗೆ ಮೋಟಾರ್‌ಸೈಕಲ್ ಮೇಲೆ ಕೂತೇ ಇದ್ದ, ಇಳಿಯಲಿಲ್ಲ. ಎರಡನೆಯ ಸಲ ಮಗಳು ಕೈ ಹಿಡಿದು ಎಳೆದಳು. ಈಗ ಗಿರಾಕಿಯ ಫೋನನ್ನು ತಾನೇ ಎತ್ತುತ್ತಾನೆ. ‘ಹಲೋ’ ಎನ್ನುವ ಮೊದಲು ಒಂದು ಉದ್ದ ಉಸಿರು ಎಳೆದುಕೊಳ್ಳುತ್ತಾನೆ, ಅಷ್ಟೇ.

ಎಲ್ಲರಿಗಿಂತ ಕಷ್ಟದ ಪಾಠ ಬಂದಿದ್ದು ಫಿಯೋರ್‌ಗೆ. ಇವೆಲಿಸ್ ಹೇಳಿಕೊಟ್ಟರು: “ಮಗು ಬಂದಾಗ ‘ಮಾತಾಡು, ಮಾತಾಡು’ ಅನ್ಬೇಡಿ. ಮುಖಾನೇ ನೋಡ್ಬೇಡಿ. ಪಕ್ಕದಲ್ಲಿ ಕೂತು ಏನಾದ್ರೂ ಕೆಲಸ ಮಾಡ್ತಾ ಇರಿ. ಅವಳು ತಾನಾಗೇ ಹೇಳೋವರೆಗೂ ಸುಮ್ಮನಿರಿ. ಅವಳ ಪರವಾಗಿ ನೀವೇ ಮಾತಾಡಿಬಿಡ್ಬೇಡಿ.”

“ಸುಮ್ಮನಿರೋದಾ? ನಾನಾ?” ಎಂದಳು ಫಿಯೋರ್. “ಟೀಚರ್, ಆ ಮನಃಶಾಸ್ತ್ರಜ್ಞೆ ಹತ್ರ ನನಗೂ ಒಂದು ಚೀಟಿ ಬರೆಸಿ.”

ಆದರೂ ಕಲಿತಳು. ಹುಡುಗಿ ಬಂದಾಗ ಟವೆಲ್ಲಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಕಾಳು ಆರಿಸುತ್ತ ಕೂರುತ್ತಿದ್ದಳು. ಯುದೆಲ್ಕಾ ಕಾನೇಲಾಗೆ ಸೊಪ್ಪು ತಿನ್ನಿಸುತ್ತ, ಮೇಕೆಯ ಜೊತೆ ಮಾತಾಡುತ್ತಿದ್ದಳು. ಮದ್ರಿನಾಗೆ ಹೇಳಬೇಕಾದುದನ್ನೆಲ್ಲ ಮೇಕೆಗೆ ಹೇಳುತ್ತಿದ್ದಳು. ಫಿಯೋರ್ ಕೂಡ ಮೇಕೆಗೇ ಉತ್ತರ ಕೊಡುತ್ತಿದ್ದಳು.

ಮತ್ತೆ ತಪಸ್ಸುಕಾಲ ಬಂತು. ನೆರೇಯ್ದಾ ದೊಡ್ಡ ಪಾತ್ರೆಯಲ್ಲಿ ಪಾಯಸ ಕೈಯಾಡಿಸುತ್ತಿದ್ದಳು. ಈ ವರ್ಷ ಮದ್ರಿನಾಳ ಡಬ್ಬಿಯನ್ನು ತಾನೇ ಒಯ್ಯುವುದೆಂದು ಮನಸ್ಸಿನಲ್ಲೇ ತೀರ್ಮಾನಿಸಿಕೊಂಡಿದ್ದಳು. ಮಗಳನ್ನು ಏನೂ ಕೇಳಿರಲಿಲ್ಲ. ಯುದೆಲ್ಕಾ ಒಳಗೆ ಹೋಗಿ ಅದೇ ಐಸ್‌ಕ್ರೀಂ ಡಬ್ಬಿ ತಂದು ಮುಂದಿಟ್ಟಳು.

“ಬಿಸ್ಕತ್ತು ಜಾಸ್ತಿ ಹಾಕಮ್ಮ. ಅಪ್ಪ, ನೀನೂ ಬಾ.”

ನೆರೇಯ್ದಾ ಬಾಗಿಲಲ್ಲೇ ನಿಂತಳು. ಕೈಯಲ್ಲಿ ಸೌಟು, ಸೌಟಿನಿಂದ ಪಾಯಸ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅಪ್ಪ ಮಗಳು ಓಣಿ ದಾಟುವುದು ಕಾಣುತ್ತಿತ್ತು. ಫಿಯೋರ್‌ಳ ಜಗಲಿಯ ಕುರ್ಚಿಗಳೆಲ್ಲ ತುಂಬಿದ್ದವು, ಹೋದ ವರ್ಷ ತಮಾಷೆ ಮಾಡಿದ ನೆಂಟನೂ ಇದ್ದ. ಅವನು ಬಾಯಿ ತೆರೆಯುವಷ್ಟರಲ್ಲಿ ಫಿಯೋರ್ ಅವನ ಕಾಲು ತುಳಿದಳು. ಯಾರೂ ಹುಡುಗಿಯನ್ನು ದಿಟ್ಟಿಸಲಿಲ್ಲ. ಒಬ್ಬರು ಬೀಸಣಿಗೆ ಬೀಸಿಕೊಂಡರು, ಒಬ್ಬರು ಕಾಫಿ ಕಲಕಿದರು. ಫಿಯೋರ್ ಟವೆಲ್ ಕಚ್ಚಿಕೊಂಡು ಕಾಳಿನ ಮೊರ ನೋಡುತ್ತ ಕೂತಳು.

ರಾದಾಮೆಸ್ ಮೆಟ್ಟಿಲ ಬಳಿ ನಿಂತ. ಒಂದು ಉದ್ದ ಉಸಿರು ಎಳೆದುಕೊಂಡ. “ಎಲ್ಲರಿಗೂ ನಮಸ್ಕಾರ,” ಎಂದ. ದನಿ ನಡುಗಿತು, ಆದರೆ ಕೇಳಿಸಿತು.

“ನಮಸ್ಕಾರ, ರಾದಾಮೆಸ್,” ಎಂದಿತು ಜಗಲಿ.

ಯುದೆಲ್ಕಾ ಒಂದು ಮೆಟ್ಟಿಲು ಹತ್ತಿದಳು. ನಿಂತಳು. ಇನ್ನೊಂದು ಹತ್ತಿದಳು. ಹಿತ್ತಲಲ್ಲಿ ಕಾನೇಲಾ ತನಗೂ ಪಾಲಿದೆ ಎಂಬಂತೆ ‘ಮ್ಯಾ’ ಎಂದು ಕೂಗಿತು. ಹುಡುಗಿಗೆ ನಗು ಬಂತು. ಆ ನಗುವಿನ ಹಿಂದೆಯೇ ಮಾತೂ ಬಂತು, ಎಳೆಯಂಥ ಮಾತು:

“ಆಶೀರ್ವಾದ, ಮದ್ರಿನಾ.”

ಫಿಯೋರ್‌ಳ ಬಾಯಿಂದ ಟವೆಲ್ ಜಾರಿತು. “ದೇವರು ನಿನ್ನ ಹರಸಲಿ, ನನ್ನ ಚಿನ್ನ,” ಎಂದಳು. ಅಷ್ಟೇ ಹೇಳಿದಳು. ಉಳಿದವರ ಹತ್ತಿರ ಕೇಳು ಎನ್ನಲಿಲ್ಲ, ಇನ್ನೊಮ್ಮೆ ಹೇಳು ಎನ್ನಲಿಲ್ಲ. ಎರಡೂ ಕೈಯಲ್ಲಿ ಡಬ್ಬಿ ಇಸಿದುಕೊಂಡಳು. ಅವಳ ಕಣ್ಣು ರಾದಾಮೆಸನ ಕಡೆ ಹೋಯಿತು. “ನೀನೂ ಕೂತ್ಕೋ, ಕೊಂಪಾದ್ರೆ. ಮಾತಾಡಬೇಕಾಗಿಲ್ಲ, ನನ್ನ ಪಾಲಿನ ಮಾತು ಮಿಕ್ಕಿದೆ, ಇಬ್ಬರಿಗೂ ಸಾಕು.”

ಅವನು ತುದಿಯ ಕುರ್ಚಿಯಲ್ಲಿ ಕೂತ.

ಯುದೆಲ್ಕಾ ಒಬ್ಬಳೇ ಓಣಿ ದಾಟಿ ವಾಪಸ್ಸು ಬರುತ್ತಿದ್ದಳು. ನಡುವೆ ನಿಂತು, ಸುತ್ತ ಒಮ್ಮೆ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು ಗಾಡಿಯವನ ದನಿಯಲ್ಲಿ ಕೂಗಿದಳು: “ಬಾಳೆಕಾಯೀ... ಹಸಿ ಹಸಿ ಬಾಳೆಕಾಯೀ...”

“ನಮ್ಮನೆಗೊಂದು ಗೊನೆ ಇಳಿಸೇ!” ಎಂದು ಜಗಲಿಯಿಂದ ಫಿಯೋರ್ ಕೂಗಿದಳು.

ನೆರೇಯ್ದಾ ಸೌಟು ಹಿಡಿದ ಕೈಯಲ್ಲೇ ಶಿಲುಬೆಯ ಗುರುತು ಮಾಡಿಕೊಂಡಳು. ದೇವರಿಗೆ, ಇವೆಲಿಸ್ ಟೀಚರಿಗೆ, ಆರೋಗ್ಯ ಕೇಂದ್ರದ ಆ ತಾಯಿಗೆ, ಬಾಯಿ ಮುಚ್ಚಿಕೊಂಡ ಕೊಮಾದ್ರೆಗೆ, ಕೊನೆಗೆ ಆ ಮೇಕೆಗೂ ಮನಸ್ಸಿನಲ್ಲೇ ಕೈಮುಗಿದಳು. ಅದು ಪಾಯಸ ತಿನ್ನದೇ ಹೋಗಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ.

ಇದನ್ನು ಕೂತು ಓದುತ್ತಿರುವ, ಕೇಳುತ್ತಿರುವ ಅಮ್ಮಂದಿರೇ, ಅಪ್ಪಂದಿರೇ, ನಿಮ್ಮ ಓಣಿಯಲ್ಲೂ ಇಂಥದೊಂದು ಮಗು ಇರಬಹುದು. ಕೆಲಸ ಮುಗಿಸಿ ದಣಿದು ಬಂದಾಗ ಅದರ ಮೌನವನ್ನು ಹಟ ಎಂದುಕೊಳ್ಳುವುದು ಸುಲಭ. ಎಂದುಕೊಳ್ಳಬೇಡಿ. ನೆಂಟರ ನಡುವೆ ನಿಲ್ಲಿಸಿ ಬಲವಂತ ಮಾಡಬೇಡಿ, ನಗಬೇಡಿ. ಹಾಗೆಂದು ಮನೆಯಲ್ಲೇ ಅಡಗಿಸಿಯೂ ಇಡಬೇಡಿ. ಒಂದೊಂದೇ ಮೆಟ್ಟಿಲು ಹತ್ತಿಸಿ, ಹತ್ತಿದ ಪ್ರತಿ ಮೆಟ್ಟಿಲಿಗೂ ಶಭಾಷ್ ಎನ್ನಿ. ಶಾಲೆಯ ಟೀಚರ ಹತ್ತಿರ ಮಾತಾಡಿ, ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕೇಳಿ. ಇದಕ್ಕೆ ಚಿಕಿತ್ಸೆ ಇದೆ, ನಾಚಿಕೆಪಡುವಂಥದು ಏನೂ ಇಲ್ಲ. ಮದುವೆಮನೆಯಲ್ಲಿ ಸದಾ ಹಿಂದಿನ ಬಾಗಿಲಲ್ಲಿ ನಿಲ್ಲುವ ಆ ದೊಡ್ಡ ಮನುಷ್ಯನನ್ನೂ ಮರೆಯಬೇಡಿ. ಅವನಿಗೆ ಜಂಬ ಇಲ್ಲದಿರಬಹುದು, ಬರೀ ಭಯ ಇರಬಹುದು. ಅವನ ಪಕ್ಕ ಒಂದು ಕುರ್ಚಿ ಎಳೆದುಕೊಂಡು ಕೂತು, ಸ್ವಲ್ಪ ಹೊತ್ತು ಸುಮ್ಮನಿರಿ. ಮಾತು ಬರುತ್ತದೆ. ಬರುವವರೆಗೆ ಕಾಯೋಣ.